ಬೊಂಬೆ ಮೆಟ್ಟಿಲ ಮೇಲೆ ನಾಸ್ತಿಕರ ಗಂಟು

ಸೆಪ್ಟೆಂಬರ್ 29, ಸೋಮವಾರ, ಸಂಜೆ

ಗುರುರಾಜ್ ಬರೆದಿರುವುದು ತಪ್ಪು. ಅವರು ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ವಾಟ್ಸಾಪ್ ಗ್ರೂಪಿನಲ್ಲಿ ಅವರ ವರದಿ: “ಬಿ ಬ್ಲಾಕಿನ ಹೇಮಲತಾ ಟೀಚರ್ ತಮ್ಮ ಪವಿತ್ರ ಗ್ರಂಥಗಳನ್ನು ಸರಸ್ವತಿ ಪೂಜೆಗೆ ಭಕ್ತಿಪೂರ್ವಕವಾಗಿ ಸಮರ್ಪಿಸಿದ್ದಾರೆ.”

ಕೊಟ್ಟವಳು ನಾನಲ್ಲ, ತಂಗಿ ಮಹಾದೇವಿ. ಗ್ರಂಥಗಳಲ್ಲ, ಪುಸ್ತಿಕೆಗಳು. ಪವಿತ್ರವೆಂಬುದಂತೂ... ದೇವರಿಲ್ಲ, ದೆವ್ವವಿಲ್ಲ, ಹರಕೆ ಹೊರಬೇಡಿ ಎಂದು ವಾದಿಸುವ ನಾಲ್ಕಾಣೆಯ ಹಳೆಯ ನಾಸ್ತಿಕ ಪುಸ್ತಿಕೆಗಳು. ದಾವಣಗೆರೆಯ ಫುಟ್‌ಪಾತಿನಿಂದ ಹಿಡಿದು ಅವೆನ್ಯೂ ರಸ್ತೆಯವರೆಗೆ ಹುಡುಕಿ ಸಂಗ್ರಹಿಸಿದ್ದು.

ನಡೆದದ್ದು ಹೀಗೆ. ಬೆಳಿಗ್ಗೆ ನಾನು ಕಣ್ಣಿನ ಡಾಕ್ಟರ ಬಳಿ ಹೋಗಿದ್ದೆ. ಗುರುರಾಜ್ ಅವರ ಹೆಂಡತಿ ಐಶ್ವರ್ಯಾ ಮನೆಮನೆಗೂ ಬಂದು ಪೂಜೆಗಿಡಲು ಪುಸ್ತಕ ಕೇಳಿದ್ದಾಳೆ. ಮಹಾದೇವಿ ನನ್ನ ಕಪಾಟು ತೆರೆದಿದ್ದಾಳೆ. ಅಲ್ಲಿ ಕೆಂಪು ಬಟ್ಟೆಯ ಗಂಟು. ಒಳಗೆ ಬೇವಿನೆಲೆ, ಬಜೆ. ಹುಳ ಬೀಳದಿರಲೆಂದು ಅಜ್ಜ ತಾಳೆಗರಿ ಕಟ್ಟಿಡುತ್ತಿದ್ದ ಕ್ರಮದಲ್ಲೇ ನಾನೂ ಕಟ್ಟಿದ್ದೆ.

“ಕೆಂಪು ಅರಿವ್ಯಾಗ ಸುತ್ತಿ, ಬೇವಿನ ಎಲಿ ಇಟ್ಟಿದ್ದಿ,” ಎಂದಳು ಮಹಾದೇವಿ. “ಪುರಾಣ ಅಂತ ತಿಳಕೊಳ್ಳಬೇಕೋ, ಬ್ಯಾರೆ ಏನಂತ ತಿಳಕೊಳ್ಳಬೇಕೋ?”

ಗಂಟು ಈಗ ಕ್ಲಬ್‌ಹೌಸಿನಲ್ಲಿ, ದಸರಾ ಬೊಂಬೆಗಳ ಮೇಲಿನ ಮೆಟ್ಟಿಲಿನಲ್ಲಿ, ಕಲಶದ ಪಕ್ಕ ಕುಳಿತಿದೆ. ಅರಿಶಿನ ಕುಂಕುಮ ಹಚ್ಚಿದ್ದಾರೆ. ವಿಜಯದಶಮಿಯ ವಿಸರ್ಜನೆಯವರೆಗೆ ಮುಟ್ಟುವಂತಿಲ್ಲ.

ಗುರುವಾರವೇ ವಿಜಯದಶಮಿ. ಗುರುವಾರವೇ ನರಸಿಂಹಯ್ಯನವರು ಬರುತ್ತಾರೆ.

ಸೆಪ್ಟೆಂಬರ್ 30, ಬೆಳಿಗ್ಗೆ

ನಿದ್ರೆ ಸರಿಯಾಗಲಿಲ್ಲ. ವಿಷಯವನ್ನು ಕ್ರಮವಾಗಿ ಬರೆದರೆ ತಲೆ ತಿಳಿಯಾದೀತು.

ನರಸಿಂಹಯ್ಯ, ಕುಂದಲಹಳ್ಳಿಯವರು. ಕಟ್ಟಾ ನಾಸ್ತಿಕರು. ಊರು ಹಳ್ಳಿಯಾಗಿದ್ದಾಗಿನಿಂದ ಒಮ್ಮೆಯೂ ಕೈಮುಗಿದವರಲ್ಲ ಎಂಬ ಖ್ಯಾತಿ. ಶುಭಕಾರ್ಯಗಳನ್ನೆಲ್ಲ ರಾಹುಕಾಲದಲ್ಲೇ ಮಾಡುತ್ತಾರೆ. ಅದಕ್ಕಾಗಿ ಪುರೋಹಿತರಿಗಿಂತ ಹೆಚ್ಚು ಪಂಚಾಂಗ ನೋಡುತ್ತಾರೆ. ಮನೆ ಬಿಟ್ಟು ಮಗಳ ಫ್ಲಾಟಿಗೆ ಹೋಗುತ್ತಿದ್ದಾರೆ. ಒಂದು ಟ್ರಂಕು ಪುಸ್ತಿಕೆಗಳಿವೆ, ಚೆನ್ನಾಗಿ ಇಟ್ಟುಕೊಳ್ಳುವವರಿಗೆ ಕೊಡುತ್ತಾರೆ. ನನ್ನ ಸಂಗ್ರಹ ನೋಡಿ ತೀರ್ಮಾನಿಸುತ್ತಾರೆ. ನಾನು ಸಲ್ಲದಿದ್ದರೆ ಟ್ರಂಕು ಇನ್ನೊಬ್ಬ ಸಂಗ್ರಾಹಕ, ಪೀಣ್ಯದ ಮುನೀಂದ್ರನಿಗೆ. ಆತ ಎಲ್ಲವನ್ನೂ ಲ್ಯಾಮಿನೇಷನ್ ಮಾಡಿಸುತ್ತಾನೆ.

ನನಗೆ ಬೇಕಾದದ್ದು ಟ್ರಂಕಲ್ಲ. ಅದರಲ್ಲಿರುವ, ಈ ಮಾಲೆಯ ಹತ್ತೊಂಬತ್ತನೆಯ ಪುಸ್ತಿಕೆ.

ಹದಿನೆಂಟನೆಯದು, ‘ದೆವ್ವಕ್ಕೆ ವಿಳಾಸವಿಲ್ಲ’, ನನಗೆ ಸಿಕ್ಕಿದ್ದು ನಮ್ಮ ಯಜಮಾನರು ತೀರಿಕೊಂಡ ವರ್ಷ. ಕೊನೆಯ ಸಾಲು: “ಹಾಗಾದರೆ ಸತ್ತವರು ಎಲ್ಲಿರುತ್ತಾರೆ? ಉತ್ತರ ಮುಂದಿನ ಪುಸ್ತಿಕೆಯಲ್ಲಿ.” ಮುಂದಿನ ಪುಸ್ತಿಕೆ ಎಲ್ಲಿಯೂ ಸಿಗಲಿಲ್ಲ. ಸಂಗ್ರಹ ಬೆಳೆದದ್ದೇ ಅದನ್ನು ಹುಡುಕುವ ಭರದಲ್ಲಿ. ಕೇಳಿದವರಿಗೆ ಮಾತ್ರ ‘ಗದ್ಯ ಸ್ಪಷ್ಟವಾಗಿದೆ, ಅಚ್ಚಿನ ತಪ್ಪುಗಳಿಲ್ಲ’ ಎನ್ನುತ್ತೇನೆ. ಅದೂ ಸುಳ್ಳಲ್ಲ.

ಆ ವರ್ಷದಿಂದ ನಾನೂ ಕೈಮುಗಿದಿಲ್ಲ. ಜಂಬಕ್ಕೆ ಬರೆಯುತ್ತಿಲ್ಲ. ದಾಖಲೆಗಾಗಿ.

ಅದೇ ದಿನ, ಮಧ್ಯಾಹ್ನ

ಗುರುರಾಜ್ ಅವರಿಗೆ ಹೇಳಿ ನೋಡಿದೆ. “ಅವು ಪೂಜೆಗೆ ತಕ್ಕ ಪುಸ್ತಕಗಳಲ್ಲ. ದಯವಿಟ್ಟು ಹಿಂದಿರುಗಿಸಿ.”

“ಅಯ್ಯೋ ಮೇಡಂ, ಪುಸ್ತಕ ಅಂದ್ಮೇಲೆ ಸರಸ್ವತೀನೇ ಅಲ್ವಾ? ಐಶ್ವರ್ಯಾ ಜಾವಾ ಪುಸ್ತಕ ಇಟ್ಟಿದಾಳೆ. ಸಿ ಬ್ಲಾಕ್ ಅಂಕಲ್ ಇನ್‌ಕಮ್ ಟ್ಯಾಕ್ಸ್ ಇಟ್ಟಿದಾರೆ.”

ಯಾವ ಪುಸ್ತಕವಾದರೂ ಸರಸ್ವತಿಯೇ, ಕಾಲು ತಾಗಿಸಬೇಡಿ ಎಂದು ಮೂರು ತಲೆಮಾರಿನ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಧನ್ಯವಾದ ಹೇಳಿ ಬಂದೆ.

ಊಟದ ಹೊತ್ತಿಗೆ ಕ್ಲಬ್‌ಹೌಸಿನಲ್ಲಿ ಯಾರೂ ಇರುವುದಿಲ್ಲವೆಂದು ಹೋದೆ. ಬೈರಮ್ಮ ಇದ್ದರು. ಹೌಸ್‌ಕೀಪಿಂಗ್‌ನವರು, ಹಳೇ ಹೂಡಿಯವರು. ಬೊಂಬೆಗಳ ಮುಂದೆ ಕಾಲು ಚಾಚಿ ಕುಳಿತು ಹೂ ಕಟ್ಟುತ್ತಿದ್ದರು.

“ಏನು ಟೀಚರಮ್ಮ, ಸ್ಟೂಲ್ ತಂದಿದೀರ?”

“ಧೂಳು ಒರೆಸೋಣವೆಂದು.”

“ನಾನಿರೋವಾಗ ನೀವ್ಯಾಕೆ ಒರಸ್ತೀರ? ಪೂಜೆಗೆ ಕುಂತಿರೋದ್ನ ಅಂಗೆಲ್ಲಾ ಅಲ್ಲಾಡಿಸ್ಬಾರ್ದು.” ಆಮೇಲೆ ದನಿ ತಗ್ಗಿಸಿ, “ನಿಮ್ ಗಂಟು ಬಲೇ ಸತ್ಯದ್ದು ಕಣಮ್ಮ. ನಿನ್ನೆ ಅಡ್ಬಿದ್ದೆ. ಇವತ್ತು ಮಂಡಿನೋವೇ ಇಲ್ಲ.”

ಗಂಟಿನ ಮೇಲ್ಭಾಗದಲ್ಲೇ ‘ಹರಕೆಯೋ ಔಷಧವೋ’ ಪುಸ್ತಿಕೆ ಇದೆ. ಸ್ಟೂಲ್ ಹೊತ್ತುಕೊಂಡು ಬಂದೆ.

ಅಕ್ಟೋಬರ್ 1

ಆಯುಧಪೂಜೆ. ಲಿಫ್ಟಿಗೂ ಕುಂಬಳಕಾಯಿ ಒಡೆದರು. ನರಸಿಂಹಯ್ಯನವರಿಗೆ ಫೋನ್ ಮಾಡಿ, ಶುಕ್ರವಾರ ಬರಬಹುದೇ ಎಂದು ಕೇಳಿದೆ.

“ಹಬ್ಬದ ದಿನಾನೇ ಬರ್ಬೇಕು ಮೇಡಂ. ಅದೂ ರಾಹುಕಾಲದಲ್ಲಿ. ಗುರುವಾರ ಒಂದೂವರೆಯಿಂದ ಮೂರು, ನೋಡಿಟ್ಟಿದೀನಿ. ಯಾಕೆ, ನಿಮ್ಮನೇಲಿ ಪೂಜೆ ಗೀಜೆ ಏನಾದ್ರೂ?”

“ನಮ್ಮ ಮನೆಯಲ್ಲಿ ಇಲ್ಲ,” ಎಂದೆ. ಅಕ್ಷರಶಃ ನಿಜ.

ಅಕ್ಟೋಬರ್ 2, ವಿಜಯದಶಮಿ, ಸಂಜೆ

ವಿಸರ್ಜನೆ ರಾಹುಕಾಲ ಕಳೆದ ಮೇಲೆ, ಮೂರಕ್ಕೆ. ನರಸಿಂಹಯ್ಯನವರು ರಾಹುಕಾಲ ಶುರುವಾಗುತ್ತಲೇ ಬಂದರು. ಬೇರೆ ದಾರಿಯಿರಲಿಲ್ಲ. ಕ್ಲಬ್‌ಹೌಸಿಗೆ ಕರೆದುಕೊಂಡು ಹೋಗಿ ಮೇಲಿನ ಮೆಟ್ಟಿಲು ತೋರಿಸಿದೆ.

ಬಹಳ ಹೊತ್ತು ನೋಡಿದರು. ಕೆಂಪಾದರು. ಕೆಳಗೆ ಕುಳಿತಿದ್ದ ಸೆಟ್ಟಿ ಬೊಂಬೆಯನ್ನೂ ನೋಡಿದರು. “ಇದೇನ್ ಮೇಡಂ ಇದು? ನಮ್ ನಾಸ್ತಿಕರ್ನ ತಂದು ದೇವ್ರು ಮಾಡ್ಬಿಟ್ಟಿದೀರಲ್ಲ.”

“ನಾನು ಮಾಡಿದ್ದಲ್ಲ.”

“ಕೆಳಗಿಳಿಸಿ.”

“ಮೂರು ಗಂಟೆಯವರೆಗೆ ಮುಟ್ಟುವಂತಿಲ್ಲ.”

“ಯಾರಂದಿದ್ದು?”

“ನಾ ಅಂದಿದ್ದು,” ಎಂದರು ಬೈರಮ್ಮ. ನರಸಿಂಹಯ್ಯನವರ ಕೈಗೊಂದು ದೊನ್ನೆ ಕಡಲೆ ಉಸಲಿ ಕೊಟ್ಟರು. “ಕುಂತ್ಕೊಂಡು ತಿನ್ನಿ ಸಾಮಿ, ಬಿಸಿ ಐತೆ.”

ಪ್ರಸಾದ ತಿನ್ನುವುದಿಲ್ಲ, ಆದರೆ ಕಡಲೆ ತಿನ್ನಬಹುದು ಎಂದು ವಿವರಿಸಿ ತಿಂದರು. ಹತ್ತೊಂಬತ್ತನೆಯದರಲ್ಲಿ ಉತ್ತರ ಏನಿದೆ ಎಂದು ಮೆಲ್ಲಗೆ ಕೇಳಿದೆ. “ಓದಿದ್ದೆ ಮೇಡಂ... ಮರ್ತೋಗಿದೆ. ಟ್ರಂಕಲ್ಲಿದೆ, ಎಲ್ಲೋಗತ್ತೆ.” ಎರಡನೆಯ ದೊನ್ನೆಯನ್ನು ಅವರೇ ಕೇಳಿ ಪಡೆದರು.

ಮೂರಕ್ಕೆ ಮಂಗಳಾರತಿ. ಎಲ್ಲರೂ ಎದ್ದು ನಿಂತರು.

— ಆಮೇಲೆ ಗಂಟು ಬಿಚ್ಚಿ ಒಂದೊಂದಕ್ಕೂ ಕುಂಕುಮ ಹಚ್ಚಿದರು. ವಿಸರ್ಜನೆಯಾದ ಪುಸ್ತಕದಿಂದ ಒಂದು ಪುಟವಾದರೂ ಓದಬೇಕು, ಪದ್ಧತಿ. ಗುರುರಾಜ್ ಸುತ್ತ ನೋಡಿ, ಹಿರಿಯರು ಓದಲಿ ಎಂದು ನರಸಿಂಹಯ್ಯನವರಿಗೇ ‘ಹರಕೆಯೋ ಔಷಧವೋ’ ಕೊಟ್ಟುಬಿಟ್ಟರು. ಶೀರ್ಷಿಕೆಯ ಮೇಲೆ ಕುಂಕುಮವಿತ್ತು.

ಅವರು ಓದಿದರು. ಒಂದು ಪುಟವಲ್ಲ, ಪೂರ್ತಿ. ಹಿಂದೆ ಬಸ್ ನಿಲ್ದಾಣಗಳಲ್ಲಿ ನಿಂತು ಓದುತ್ತಿದ್ದಾಗ ಬಸ್ ಬಂದ ಕೂಡಲೇ ಸಭೆ ಮುಗಿಯುತ್ತಿತ್ತಂತೆ. ಇಲ್ಲಿ ಇಡೀ ಸಭೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿತ್ತು. ಮುಡಿಪು ಕಟ್ಟಿದರೆ ವಾಸಿಯಾಗುವುದು ಪೂಜಾರಿಯ ಬಡತನ ಮಾತ್ರ ಎಂಬಲ್ಲಿಗೆ ಗುರುರಾಜ್ ಅವರ ಮುಖ ಬಿಳಿಚಿತು. ಒಬ್ಬರು ಎದ್ದು ಹೋದರು. ಅವರ ಕಾರು ಅಡ್ಡ ನಿಂತಿತ್ತಂತೆ. ಮುಗಿದಾಗ ಬೈರಮ್ಮ ನಿಟ್ಟುಸಿರಿಟ್ಟರು. “ದಿಟವಾದ ಮಾತು ಸಾಮಿ. ನಾ ಎರಡೂ ಮಾಡ್ತೀನಿ. ಮಾತ್ರೇನೂ ನುಂಗ್ತೀನಿ, ಹರಕೇನೂ ಹೊರ್ತೀನಿ.” ಎಲ್ಲರೂ ಚಪ್ಪಾಳೆ ತಟ್ಟಿದರು.

ಗೇಟಿನ ಬಳಿ ನರಸಿಂಹಯ್ಯನವರು ಪುಸ್ತಿಕೆಗಳನ್ನು ಒಂದೊಂದಾಗಿ ತಿರುವಿ ನೋಡಿ ನನ್ನ ಕೈಗಿಟ್ಟರು. “ಒಂದೂ ಹುಳ ಬಿದ್ದಿಲ್ಲ ಮೇಡಂ, ಚೆನ್ನಾಗಿಟ್ಟಿದೀರ. ಭಾನುವಾರ ಟ್ರಂಕ್ ಕಳಿಸ್ತೀನಿ.”

ಕುಂಕುಮ ಒರೆಸಲು ಬ್ರೆಡ್ಡಿನ ತುಂಡು ಒಳ್ಳೆಯದು. ಆದರೂ ಹದಿನೆಂಟನೆಯದರ ಮೇಲಿನದು ಹೋಗಲಿಲ್ಲ.

ಅಕ್ಟೋಬರ್ 4, ಶನಿವಾರ

ಗುರುರಾಜ್ ಮತ್ತೆ ಬರೆದಿದ್ದಾರೆ. “ಹಿರಿಯ ಭಕ್ತರಾದ ಶ್ರೀ ನರಸಿಂಹಯ್ಯನವರು ಮಂಗಳಾರತಿಯಲ್ಲಿ ಕೈಮುಗಿದು ಭಾವಪರವಶರಾಗಿ, ನಂತರ ಪ್ರವಚನ ನೀಡಿದರು.” ಯಾರೋ ಅದನ್ನು ಕುಂದಲಹಳ್ಳಿಯವರೆಗೆ ಮುಟ್ಟಿಸಿದ್ದಾರೆ.

ನರಸಿಂಹಯ್ಯನವರ ಫೋನ್ ಬಂತು. “ಭಕ್ತನಂತೆ. ಕೈಮುಗಿದ್ನಂತೆ. ಮುನೀಂದ್ರ ಫೋನ್ ಮಾಡಿ ನಗ್ತಾನೆ. ನಾನು ಕೈಮುಗೀಲಿಲ್ಲ ಅಂತ, ಕಣ್ಣಾರೆ ನೋಡಿದೋರು ಬರೆದು ಸಹಿ ಹಾಕಿ ಕೊಡ್ಬೇಕು. ಆಮೇಲೇ ಟ್ರಂಕು ಕಳಿಸೋದು.”

“ನೀವು ಮುಗಿದಿರಾ?”

“ಎರಡು ಕೈಯಲ್ಲೂ ಉಸಲಿ ದೊನ್ನೆ ಹಿಡಿದಿದ್ದೆ ಮೇಡಂ.”

ಗುರುರಾಜ್ ವಿಡಿಯೋ ಮಾಡಿದ್ದರು. ತರಿಸಿಕೊಂಡು ನೋಡಿದೆ. ಆರತಿತಟ್ಟೆ, ಹೊಗೆ, ಅಂಚಿನಲ್ಲಿ ನರಸಿಂಹಯ್ಯನವರ ಮೊಣಕೈ. ಮಡಚಿದೆ. ಕೈಮುಗಿದವರ ಮೊಣಕೈಗೂ ದೊನ್ನೆ ಹಿಡಿದವರ ಮೊಣಕೈಗೂ ವ್ಯತ್ಯಾಸವಿಲ್ಲ.

ಬೈರಮ್ಮನನ್ನು ಕೇಳಿದೆ. “ಆರ್ತಿ ಟೈಮಲ್ಲಿ ಯಾರಮ್ಮ ಕಣ್ ಬಿಟ್ಕೊಂಡಿರ್ತಾರೆ?” ಐಶ್ವರ್ಯಾಳೂ ಕಣ್ಣು ಮುಚ್ಚಿದ್ದಳು. ಗುರುರಾಜ್ ಫೋನಿನ ಪರದೆ ಬಿಟ್ಟು ಬೇರೇನನ್ನೂ ನೋಡಿಲ್ಲ. ‘ಮುಗಿದಿರ್ತಾರೆ ಅಂತ ಹಾಕಿದೆ ಮೇಡಂ, ಎಲ್ರೂ ಮುಗೀತಾರಲ್ಲ’ ಎಂದರು.

ಉಳಿದವಳು ಮಹಾದೇವಿ. ರೊಟ್ಟಿ ತಟ್ಟುತ್ತಿದ್ದಳು.

“ನೀನಾದರೂ ಕಣ್ಣು ತೆರೆದಿದ್ದೆಯಾ?”

“ತಗದಿದ್ದೆ.”

“ಹಾಗಾದರೆ ಅವರ ಕೈ ನೋಡಿದೆಯಾ?”

“ಅವರನ್ನ ಯಾಕ ನೋಡ್ಲಿ? ನಾ ನಿನ್ನ ನೋಡಾಕತ್ತಿದ್ದೆ.” ರೊಟ್ಟಿ ತಿರುವಿ ಹಾಕಿದಳು. “ನೀ ಕೈ ಮುಗದು ಭಾಳ ವರ್ಷ ಆಗಿತ್ತಲ್ಲ ಅಕ್ಕಾ. ತುಟಿನೂ ಅಲ್ಲಾಡತಿದ್ವು.”

ರೊಟ್ಟಿ ಹೊತ್ತುತ್ತಿದೆ ಎಂದೆ. ಹೊತ್ತುತ್ತಿರಲಿಲ್ಲ.

ಅಕ್ಟೋಬರ್ 5, ಭಾನುವಾರ, ಬೆಳಿಗ್ಗೆ

ನರಸಿಂಹಯ್ಯನವರಿಗೆ ಮತ್ತೆ ಫೋನ್ ಮಾಡಿದೆ. ಅವರು ಕೈಮುಗಿದದ್ದನ್ನು ಕಂಡವರಿಲ್ಲ, ಮುಗಿಯದಿದ್ದದ್ದನ್ನು ಕಂಡವರೂ ಇಲ್ಲ, ಅಷ್ಟನ್ನೇ ಬರೆಯಬಲ್ಲೆ ಎಂದೆ.

“ಅದೇ ಸರಿ ಮೇಡಂ. ಕಂಡಿದ್ದಷ್ಟೇ ಬರೀರಿ. ಆದ್ರೆ ಯಾರ್ಯಾರು ಇದ್ರು, ಪ್ರತಿಯೊಬ್ರೂ ಯಾಕೆ ನೋಡ್ಲಿಲ್ಲ, ಹೆಸರು ಸಮೇತ ಬರೀಬೇಕು. ಮುನೀಂದ್ರನಿಗೂ ಒಂದು ಕಾಪಿ. ಆಟೋ ಬಂದಿದೆ, ಟ್ರಂಕ್ ಹತ್ತಿಸ್ತಿದೀನಿ. ಕಾಗದ ಕೊಟ್ಟು ಇಳಿಸ್ಕೊಳ್ಳಿ.”

ಆಟೋ ಬರುವಷ್ಟರಲ್ಲಿ ಸಿದ್ಧವಾಗಬೇಕು. ಕರಡು:

ಮಂಗಳಾರತಿಯ ಸಮಯದಲ್ಲಿ ಉಪಸ್ಥಿತರಿದ್ದವರು: ಶ್ರೀ ಗುರುರಾಜ್, ಕಾರ್ಯದರ್ಶಿ, ಫೋನ್ ನೋಡುತ್ತಿದ್ದರು. ಶ್ರೀಮತಿ ಐಶ್ವರ್ಯಾ, ಕಣ್ಣು ಮುಚ್ಚಿದ್ದರು. ಶ್ರೀಮತಿ ಬೈರಮ್ಮ, ಕಣ್ಣು ಮುಚ್ಚಿದ್ದರು. ಕುಮಾರಿ ಮಹಾದೇವಿ, ತನ್ನ ಅಕ್ಕನನ್ನು ನೋಡುತ್ತಿದ್ದರು. ಶ್ರೀಮತಿ ಹೇಮಲತಾ, ನಿವೃತ್ತ ಮುಖ್ಯೋಪಾಧ್ಯಾಯಿನಿ,