ಗುಣ ಕೂಡಿದ್ದು

ಶಿಕಾರಿಪುರ
೧೪-೮-೧೯೫೮

ಚಿ. ಸೌ. ತುಂಗಮ್ಮನಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಸೊರಬದಿಂದ ನೀನು ಬರೆದ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತೆ, ಬೇಸರ ಮಾಡಿಕೊಳ್ಳಬೇಡ. ನಾನೀಗ ಬರೀ ಕನ್ನಡ ಮೇಷ್ಟ್ರಲ್ಲ, ಹೈಸ್ಕೂಲಿನ ಮನಶ್ಶಾಸ್ತ್ರಜ್ಞ! ಮೈಸೂರಿನಲ್ಲಿ ಆರು ವಾರ ತರಬೇತಿ ಕೊಟ್ಟು, ಯಾರ ಸ್ವಭಾವಕ್ಕೆ ಯಾವ ಕೆಲಸ ಒಗ್ಗುತ್ತದೆಂದು ಮಕ್ಕಳಿಗೆ ಹೇಳಲು ಕಳಿಸಿದ್ದಾರೆ. ಮೊದಲು ನಮ್ಮ ಸ್ವಭಾವವನ್ನೇ ಅಳೆದರು. ಮಾತಾಡುವುದರಲ್ಲಿ ನನಗೆ ಇಪ್ಪತ್ತಕ್ಕೆ ಇಪ್ಪತ್ತು, ಕೇಳಿಸಿಕೊಳ್ಳುವುದರಲ್ಲಿ ಮೂರು. ಹರಾಜು ಕೂಗಲು ಹೇಳಿ ಮಾಡಿಸಿದ ಮನುಷ್ಯ ಎಂದರು. ಆ ಮೂರು ತಾನೇ ಎಲ್ಲಿಂದ ಬಂತು ಎಂದು ನಿಮ್ಮಮ್ಮ ಇನ್ನೂ ಕೇಳುತ್ತಿದ್ದಾಳೆ.

ನನ್ನ ಕೋಣೆಗೆ ‘ಗುಣ ಪರೀಕ್ಷೆ’ ಎಂದು ಬೋರ್ಡು ಬರೆಸಿದೆ. ಅಲ್ಲೇ ಎಡವಟ್ಟಾಯಿತು. ಶಿರಾಳಕೊಪ್ಪದ ಸುಬ್ಬಪ್ಪ, ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗಳು ಹುಲಿಯಮ್ಮನನ್ನು ಕರೆದುಕೊಂಡು ಬಂದು, ಮಡಚಿದ ಎರಡು ಕಾಗದ ಮೇಜಿನ ಮೇಲಿಟ್ಟ. ಅಂಕಪಟ್ಟಿ ಇರಬೇಕೆಂದು ನಾನು ಬಿಚ್ಚಲಿಲ್ಲ. ಹುಡುಗಿಯ ಪರೀಕ್ಷೆ ನಾನು ಆಗಲೇ ತಿದ್ದಿದ್ದೆ. ನರ್ಸ್ ಕೆಲಸಕ್ಕೆ ಅಂಥ ಸ್ವಭಾವ ಹುಡುಕಿದರೂ ಸಿಗದು.

“ಗುಣ ಕೂಡ್ಯಾವೇನ್ರೀ ಮಾಸ್ತರೆ?” ಎಂದ.

ಭೇಷಾಗಿ ಕೂಡಿವೆ, ತಡ ಮಾಡಬೇಡಿ ಎಂದು, ನರ್ಸ್ ಎಂಬ ಒಂದು ಮಾತು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿ, ಅರ್ಧ ಗಂಟೆ ಭಾಷಣ ಬಿಗಿದೆ. ಹುಡುಗಿ ಎರಡು ಸಲ ಬಾಯಿ ತೆರೆದಳು. ನಾನು ಬಿಡಬೇಕಲ್ಲ.

ಸೋಮವಾರ ಅವನು ಸಕ್ಕರೆ ಹಿಡಿದು ಬಂದಾಗ ಆ ಕಾಗದ ಬಿಚ್ಚಿ ನೋಡಿದೆ. ಗಂಡು ಹೆಣ್ಣಿನ ಜಾತಕ! ಮಾಸ್ತರರೇ ಜಾತಕ ತಾಳೆಹಾಕಿ ಸಾಲಾವಳಿ ನೋಡಿಕೊಟ್ಟರೆಂದು ಮದುವೆ ಗೊತ್ತುಮಾಡಿ, ಮಗಳನ್ನು ಶಾಲೆ ಬಿಡಿಸಲು ಬಂದಿದ್ದ.

ಮರುದಿನ ಮೊದಲ ಬಸ್ಸಿಗೇ ಶಿರಾಳಕೊಪ್ಪಕ್ಕೆ ಹೋಗಿ ತಪ್ಪೊಪ್ಪಿಕೊಂಡೆ. ಸುಬ್ಬಪ್ಪ ಕೂಗಾಡಿದ. ನೀನು ನಂಬುವುದಿಲ್ಲ, ನಾನು ತುಟಿಪಿಟಕ್ಕೆನ್ನಲಿಲ್ಲ. ಕೊನೆಗೆ ನಿನಗೇನು ಬೇಕಮ್ಮ ಎಂದು ಹುಡುಗಿಯನ್ನು ಕೇಳಿ ಸುಮ್ಮನೆ ಕೂತೆ. ಇದು ನನಗೆ ಬಹಳ ಕಷ್ಟದ ಕೆಲಸ.

ಎಷ್ಟೋ ಹೊತ್ತಿನ ಮೇಲೆ, “ನಾ ಓದ್ತೀನಪ್ಪ,” ಎಂದಳು.

ಸುಬ್ಬಪ್ಪ ಗೊಣಗುತ್ತಲೇ ಎರಡು ವರ್ಷ ತಡೆಯಲು ಒಪ್ಪಿದ. ನಾನು ಬೋರ್ಡು ಇಳಿಸಿದೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿನ್ನ ಮನೆ ತಣ್ಣಗಿರಲಿ.

ಇಂತಿ ನಿನ್ನ ಅಪ್ಪ,
ಸದಾಶಿವಪ್ಪ

ಮರೆತ ಮಾತು: ಸೊರಬದವರು ನಿನ್ನನ್ನು ನೋಡಲು ಬರುವ ಹಿಂದಿನ ದಿನ ನೀನು ನನ್ನ ಹತ್ತಿರ ಬಂದು, “ಅಪ್ಪಾ, ಒಂದು ಮಾತಿತ್ತು” ಎಂದೆ. ನಾನು ಆ ಮನೆತನದ ಹಿರಿಮೆಯನ್ನು ಊಟದ ಹೊತ್ತಿನ ತನಕ ಹೇಳಿದೆ. ನೀನು ಎದ್ದು ಎಲೆ ಹಾಕಲು ಹೋದೆ. ಮೊನ್ನೆಯಿಂದ ನನಗೆ ಅನ್ನ ಸೇರುತ್ತಿಲ್ಲ. ಆ ಮಾತು ಏನಿತ್ತು ಮಗಳೇ?