ಕೋಣೆ ತೆರೆಯುವ ಹೊತ್ತು

ಸೋಮವಾರ, ೧೪ ಜುಲೈ. ಯಡ್ರಾಮಿ.

ಹದಿಹರೆಯದವರು ಕೂಡಿ ನಗಲೆಂದು, ಹಳೇ ಪಂಚಾಯ್ತಿ ಕಟ್ಟಡದಲ್ಲಿ ನಾನು ಹರಟೆಕೋಣೆ ತೆರೆಸಿ ತಿಂಗಳಾಯಿತು. ಕೋಣೆ ತುಂಬ ಕೋಣಗಳೇ. ಒಬ್ಬ ಹುಡುಗಿಯೂ ಬರಲಿಲ್ಲ. ನಾಚಿಕೆಯಿರಬೇಕೆಂದು ಕಿಟಕಿಗೆ ಪರದೆ ಹಾಕಿಸಿದೆ. ಆದರೂ ಬರಲಿಲ್ಲ. ಇವತ್ತು ಪಕ್ಕದ ಓಣಿಯ ಪಂಚಶೀಲಾಳನ್ನು ಕೇಳಿಯೇಬಿಟ್ಟೆ.

"ಸರ್, ನೀವು ಕೋಣಿ ತೆಗೆಯೋದು ಸಂಜಿ ಆರಕ್ಕ. ಆಗ ನಾವೆಲ್ಲ ರೊಟ್ಟಿ ಬಡಿತಿರ್ತೀವ್ರಿ. ಪರದಾ ಹಾಕಿದ್ರ ಹಿಟ್ಟು ತಾನ ನಾದ್ಕೊತದೇನ್ರಿ?"

"ಮತ್ತ ಯಾವಾಗ ತೆಗೀಲಿ, ಹೇಳವ್ವ?"

"ಐತ್ವಾರ ಮಧ್ಯಾಹ್ನ. ನಿಮ್ಮ ಹುಡುಗರಿಗಿ ಅವತ್ತ ಕೇರಂ ಬಿಟ್ಟು ಏಳ್ರಿ ಅನ್ರಿ."

ಅನ್ನುತ್ತೇನೆ. ಗೊಣಗಲಿ.

ಊಟಕ್ಕೆ ಕೂತಾಗ ತಟ್ಟೆಗೆ ಬಿಸಿ ರೊಟ್ಟಿ ಬಿತ್ತು. ಬಡಿದವಳು ನನ್ನ ಮಗಳು. ಅವಳಿಗೂ ಹದಿನಾರು. ಈ ಒಂದು ತಿಂಗಳು ಅವಳನ್ನು ಒಂದು ಸಲವಾದರೂ ಬಾ ಎಂದು ನಾನು...