ಕೊಕ್ಕರೆ ಡಾಕ್ಟರು

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಎರಡು ಲಿಫ್ಟ್ ಸರ್ವಿಸ್. ಒಂದರ ಬಾಗಿಲಿನ ಸಂದಿಯಲ್ಲಿ ಮಗುವಿನ ಚಪ್ಪಲಿ ಸಿಕ್ಕಿಕೊಂಡಿತ್ತು. ಊಟದ ಹೊತ್ತಿಗೆ ಜೊತೆಯ ಮೆಕ್ಯಾನಿಕ್ ತನ್ನ ಮೊಬೈಲ್ ಗೇಮ್ ಆಡಲು ಕೊಟ್ಟ. ಊರಿಗೆಲ್ಲ ಹುಚ್ಚು ಹಿಡಿಸಿರುವ ಆಟವಂತೆ. ಹತ್ತು ನಿಮಿಷಕ್ಕೆ ಆಕಳಿಕೆ. ಜೇಬಿನಿಂದ ನನ್ನ ಹಳೇ ಕೊಕ್ಕರೆ ಆಟ ತೆಗೆದೆ. ಅಂಗೈಯಗಲದ ಪೆಟ್ಟಿಗೆ, ಕಪ್ಪು-ಬಿಳುಪು ಪರದೆ, ಎರಡೇ ಗುಂಡಿ. ಅವನು ಇಣುಕಿ ನೋಡಿದ.

"ಇದ್ರಲ್ಲಿ ಏನಿದೆಯಪ್ಪಾ? ಒಂದು ಗುಂಡೂ ಹಾರಲ್ಲ."

ಇಪ್ಪತ್ತೇಳು ವರ್ಷದಿಂದ ಆಡುತ್ತಿದ್ದೇನೆ. ಇಷ್ಟೊಂದು ಆಟಗಳಿದ್ದೂ ಇದೇ ಯಾಕೆ? ಕೂತು ಯೋಚಿಸಬೇಕು.

ಅದೇ ದಿನ, ಸಂಜೆ ೭

ಅಪ್ಪ ಹಳೇ ಸಾಮಾನಿನ ಅಂಗಡಿಯಿಂದ ತಂದದ್ದು. ಬರಹವೆಲ್ಲ ಯಾವುದೋ ದೇಶದ ಭಾಷೆ, ಮನೆಯಲ್ಲಿ ಒಬ್ಬರಿಗೂ ಬಾರದು. ಆಗ ನನಗೆ ಹನ್ನೊಂದು, ತಂಗಿಗೆ ಎಂಟು. ಸೂಟ್‌ಕೇಸ್ ಹಿಡಿದ ಕೊಕ್ಕರೆ ಮನೆಮನೆಯ ಬಾಗಿಲು ತಟ್ಟುತ್ತದೆ. ತಂಗಿ ತೀರ್ಪು ಕೊಟ್ಟಳು — ಇವರು ಡಾಕ್ಟರು. ಕೆಂಪು ಗುಂಡಿ ಒತ್ತಿದರೆ ಚೀಟಿ ಕೊಡುತ್ತಾರೆ. ಅದು ಫೀಸಿನ ಬಿಲ್ಲು. ಬಡವರ ಹತ್ತಿರ ಬಿಲ್ಲು ಕೇಳಬಾರದು, ಆದ್ದರಿಂದ ಕೆಂಪು ಮುಟ್ಟಕೂಡದು. ಹಸಿರು ಒತ್ತಿದರೆ ಮನೆಯವರು ಸ್ಟೂಲ್ ತರುತ್ತಾರೆ, ಕೊಕ್ಕರೆ ಕೂರುತ್ತದೆ. ಮೊಲ, ಆಮೆ, ಮುಳ್ಳುಹಂದಿ ಏನೇನೋ ಹೇಳಿಕೊಳ್ಳುತ್ತವೆ. ಸಂಜೆ ಕೋಟು ಹಾಕಿದ ಮೊಸಳೆ ಬಂದು ದೊಡ್ಡ ಬಾಯಿ ಮಾಡುತ್ತದೆ. ಬಹುಮಾನ ಘೋಷಣೆ ಇರಬೇಕು. ಪರದೆಯಲ್ಲಿ ಸೊನ್ನೆ. ಉಳಿದ ರೋಗಿಗಳು ಸೊನ್ನೆ, ಎಲ್ಲರೂ ಗುಣ... ನಾವಿಬ್ಬರೂ ಚಪ್ಪಾಳೆ.

ತಂಗಿ ನರ್ಸ್ ಆದದ್ದು ಆ ಕೊಕ್ಕರೆಯಿಂದಲೇ. ಕೇಳಿದವರಿಗೆಲ್ಲ ಅವಳೇ ಹೇಳುತ್ತಾಳೆ.

ಮಾರ್ಚ್ ೬, ಗುರುವಾರ

ತಂಗಿ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಸಹ ಬಿಚ್ಚದೆ ಕುರ್ಚಿಯಲ್ಲಿ ಕುಸಿದಳು. ಆಸ್ಪತ್ರೆಯಲ್ಲಿ ಮೆಮೊ ಕೊಟ್ಟಿದ್ದಾರೆ. ಒಬ್ಬ ರೋಗಿಯ ಹತ್ತಿರ ನಾಲ್ಕೇ ನಿಮಿಷ ಇರಬೇಕಂತೆ. ಇವಳು ಹನ್ನೊಂದು ನಿಮಿಷ ಇರುತ್ತಾಳಂತೆ. 'ಇನ್ನು ಮುಂದೆ ನಾಲ್ಕು ನಿಮಿಷ ಮೀರುವುದಿಲ್ಲ' ಎಂದು ಮುಚ್ಚಳಿಕೆ ಬರೆದುಕೊಡಬೇಕು. ಮುಂದಿನ ಶುಕ್ರವಾರ ಕೊನೆ. ಇಲ್ಲದಿದ್ದರೆ ಕೆಲಸವಿಲ್ಲ.

"ಕೊಟ್ಟುಬಿಡು, ಒಂದು ಸಹಿ ತಾನೆ" ಎಂದೆ.

"ಕೊಡ್ತೀನಿ ಅಣ್ಣ. ನಾನೇ ಸರಿ ಇಲ್ವೇನೋ. ಉಳಿದವ್ರೆಲ್ಲ ಮುಗಿಸ್ತಾರಲ್ಲ?"

ಹನ್ನೆರಡು ವರ್ಷದ ನರ್ಸ್ ಕೆಲಸದಲ್ಲಿ ಅವಳು ಹೀಗೆ ಮಾತಾಡಿದ್ದಿಲ್ಲ. ಮನಸ್ಸು ಹಗುರಾಗಲಿ ಅಂತ ಕೊಕ್ಕರೆ ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ಕೂತಳು. ಆನ್ ಮಾಡಲಿಲ್ಲ.

ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ

ಲಿಫ್ಟ್ ಏಳನೇ ಮಹಡಿಯಲ್ಲಿ ನಿಂತುಬಿಟ್ಟಿತ್ತು. ರಿಪೇರಿ ನೋಡುತ್ತ ನಿಂತಿದ್ದವರು ಆ ಮಹಡಿಯ ಮೇಡಂ, ನಿವೃತ್ತ ದುಭಾಷಿ. ನನ್ನ ಟೂಲ್ ಬ್ಯಾಗಿನಲ್ಲಿದ್ದ ಕೊಕ್ಕರೆಯನ್ನು ಕಂಡರು.

"ಈ ಭಾಷೆ ನಂಗೆ ಬರತ್ತೆ ಕಣಪ್ಪ. ಕೊಡು ಇಲ್ಲಿ."

ಡಾಕ್ಟರ ಕಥೆ ಹೇಳಿದೆ. ಕನ್ನಡಕ ಏರಿಸಿ ಓದಿದರು. ಕೆಮ್ಮು ಬರುವವರೆಗೆ ನಕ್ಕರು.

"ಯಾವ ಡಾಕ್ಟರಪ್ಪ? ಇದು ಮನೆ ಖಾಲಿ ಮಾಡ್ಸೋ ಆಟ. ಕೊಕ್ಕರೆ ಮಾಲೀಕನ ಕಡೆಯವನು. ಚೀಟಿ ಅಂದ್ರೆ ನೋಟಿಸು. ಎಷ್ಟು ಮನೆ ಖಾಲಿ ಮಾಡಿಸ್ತಾನೋ ಅಷ್ಟು ಪಾಯಿಂಟು."

"ಮತ್ತೆ ಮೊಸಳೆ?"

"ಅವನೇ ಮಾಲೀಕ. ಏನಂತಾನೆ ಕೇಳು — ಇವತ್ತೂ ಸೊನ್ನೆ. ನಿನ್ನನ್ನು ಕೆಲಸದಿಂದ ತೆಗೆದಿದ್ದೇನೆ. ನಾಳೆ ಬೇಗ ಬಾ."

ನನಗೂ ನಗು ತಡೆಯಲಾಗಲಿಲ್ಲ. ಸಾವಿರಾರು ಸಲ ಕೆಲಸ ಕಳೆದುಕೊಂಡು ಚಪ್ಪಾಳೆ ತಟ್ಟಿದ್ದೇವೆ. ಹಾಗಾದರೆ ಹಸಿರು ಗುಂಡಿ ಯಾಕಿದೆ ಎಂದು ಕೇಳಿದೆ.

"ಸುಮ್ನೆ ಹೊತ್ತು ಕಳೆಯೋಕೆ. ಪಾಯಿಂಟ್ ಇಲ್ಲ. ಆದ್ರೆ ಅಲ್ಲೇ ನೋಡು, ಬರ್ದಿದ್ದೂ ಬರ್ದಿದ್ದೇ. ಮೊಲದ ಮಂಡಿನೋವು, ಆಮೆ ಮಗನ ಜಗಳ... ಯಾರೂ ಓದದೇ ಇರೋದನ್ನ ಇಷ್ಟು ಪ್ರೀತಿಯಿಂದ ಯಾಕೆ ಬರೆದ್ನೋ ಪುಣ್ಯಾತ್ಮ."

ಸಂಜೆ

ಜೊತೆಯ ಮೆಕ್ಯಾನಿಕ್‌ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತೇನೋ. ದೊಡ್ಡ ಆಟಗಳು ತಪ್ಪಾಗಿ ಆಡಲು ಬಿಡುವುದಿಲ್ಲ, ಕಿವಿ ಹಿಂಡಿ ದಾರಿಗೆ ತರುತ್ತವೆ. ಇದು ಬಿಟ್ಟಿತು. ಮೊಸಳೆ ಬೈಯಿತು, ಅಷ್ಟೇ. ಮಾರನೇ ದಿನ ಎಲ್ಲ ಬಾಗಿಲೂ ತೆರೆದವು. ಆಟ ಮಾಡಿದವನು ಒಂದು ಮೂಲೆಯಲ್ಲಿ ಏನನ್ನೋ ಇಟ್ಟು ಹೋಗಿದ್ದ, ನಾವು ಅಲ್ಲೇ ಮನೆ ಮಾಡಿಕೊಂಡೆವು. ಅವನಿಗೆ ನಮ್ಮಂಥವರು ಬೇಕಿತ್ತೇ? ಗೊತ್ತಾಗುವ ದಾರಿಯಿಲ್ಲ.

ತಂಗಿಗೆ ಹೇಳಲೋ ಬೇಡವೋ. ಅವಳ ಡಾಕ್ಟರು ಡಾಕ್ಟರೇ ಅಲ್ಲ. ಈ ವಾರ ಇದನ್ನೂ ಹೇಳಿದರೆ ಗಾಯದ ಮೇಲೆ ಬರೆ.

ಮಾರ್ಚ್ ೧೩, ಗುರುವಾರ, ಸಂಜೆ

ಹೇಳಿಬಿಟ್ಟೆ. ನನ್ನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ನಗುತ್ತಾಳೆ ಅಂದುಕೊಂಡಿದ್ದೆ. ನನ್ನ ಕೈಯಿಂದ ಕೊಕ್ಕರೆ ತೆಗೆದುಕೊಂಡಳು.

"ಹಾಗಾದ್ರೆ ಒಂದ್ಸಲ ಸರಿಯಾಗಿ ಆಡೋಣ. ಎಲ್ರೂ ಆಡೋ ಥರ."

ಮೇಜಿನ ಮೇಲೆ ಮುಚ್ಚಳಿಕೆ ಹಾಳೆ, ಪಕ್ಕದಲ್ಲಿ ಪೆನ್ನು. ಆನ್ ಮಾಡಿದಳು. ಮೊದಲ ಬಾಗಿಲು. ಮೊಲ ಹೊರಗೆ ಬಂತು. ತಂಗಿಯ ಹೆಬ್ಬೆರಳು ಕೆಂಪಿನ ಮೇಲೆ. ಮೊಲ ಕಣ್ಣು ಪಿಳಿಪಿಳಿ ಬಿಡುತ್ತ ನಿಂತಿದೆ.

"ಒತ್ತು" ಎಂದೆ.

"ನೀನೇ ಒತ್ತು" ಎಂದು ನನ್ನ ಕೈಗೆ ಹಾಕಿದಳು.

ನಾನೂ ಒತ್ತಲಿಲ್ಲ. ಅಷ್ಟರಲ್ಲಿ ಆಟದಲ್ಲಿ ಸಂಜೆಯಾಗಿ ಮೊಸಳೆ ಬಂತು. "ತೆಗ್ದುಹಾಕ್ದ ನೋಡು" ಎಂದು ತಂಗಿ ನಕ್ಕಳು. ಒಂದು ವಾರದಿಂದ ಆ ನಗು ಕೇಳಿರಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡಳು.

ಮಾರ್ಚ್ ೧೪, ಶುಕ್ರವಾರ, ಬೆಳಿಗ್ಗೆ ೮

ಡ್ಯೂಟಿಗೆ ಹೋದಳು. ಹಾಳೆ ಮೇಜಿನ ಮೇಲೇ ಇದೆ. ಸಹಿ ಇಲ್ಲ. ಫೋನ್ ಮಾಡಿ, ಮರೆತೆಯಾ ಎಂದೆ. "ಮರ್ತಿಲ್ಲ ಅಣ್ಣ" ಎಂದು ಇಟ್ಟುಬಿಟ್ಟಳು. ಭಯವಾಗುತ್ತಿದೆ. ಸುಮ್ಮನೆ ಬಾಯಿ ಮುಚ್ಚಿಕೊಂಡಿರಬೇಕಿತ್ತು ನಾನು.

ಸಂಜೆ ೫

ಫೋನ್ ಬಂತು. ತೆಗೆದುಹಾಕಿದರಂತೆ. ಇವತ್ತೇ ಕೊನೆ. ದನಿ ಗಟ್ಟಿಯಾಗಿತ್ತು. ಡ್ಯೂಟಿ ಮೂರಕ್ಕೇ ಮುಗಿದಿದೆಯಲ್ಲ, ಎಲ್ಲಿದ್ದೀಯ ಎಂದೆ.

"ವಾರ್ಡಲ್ಲೇ. ಹನ್ನೆರಡನೇ ಬೆಡ್ಡಿನ ಅಜ್ಜಿ ಮಾತು ಇನ್ನೂ ಮುಗಿದಿಲ್ಲ. ಕೇಳಿಸ್ಕೊಂಡು ಬರ್ತೀನಿ."

೬.೩೦, ಆಸ್ಪತ್ರೆ

ವಾರ್ಡಿನ ಹೊರಗಿನ ಬೆಂಚು. ಕರೆದುಕೊಂಡು ಹೋಗಲು ಬಂದೆ. ಬಾಗಿಲ ಸಂದಿಯಲ್ಲಿ ಕಂಡಳು, ಕರೆಯಲು ಮನಸ್ಸಾಗಲಿಲ್ಲ. ಮುಂದೇನು, ಬೇರೆ ಕೆಲಸ ಎಲ್ಲಿ... ನಾಳೆ ನೋಡಿಕೊಂಡರಾಯಿತು. ಅಜ್ಜಿ ಕೈಯಾಡಿಸುತ್ತ ಏನೋ ಹೇಳುತ್ತಿದ್ದಾರೆ. ತಂಗಿ ಸ್ಟೂಲಿನ ಮೇಲೆ ಕೂತು ಅವರ ಮುಖವನ್ನೇ ನೋಡುತ್ತಿದ್ದಾಳೆ. ನನಗೆ ಅವಳ ಮೇಲೆ ಎಷ್ಟು ಹೆಮ್ಮೆ ಅಂದರೆ... ಈಗ ಎದ್ದಳು. ಹದಿಮೂರನೇ ಬೆಡ್ಡಿನವರು ಕರೆಯುತ್ತಿದ್ದಾರೆ, "ಸಿಸ್ಟರ್, ಆಮೇಲೆ ಇಲ್ಲೂ ಸ್ವಲ್ಪ—"